ಮೊದಲು ಕೂಪನ್, ಆಮೇಲೆ ಬೆಕ್ಕು

ನಾನು ಕೊಟ್ಟ ಮುಂಗಡದ ನೋಟುಗಳನ್ನು ಅವರು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. ನೋಟುಗಳ ಮೇಲೆ ಅವರಿಗೆ ನಂಬಿಕೆ ಬಂದಂತೆ ಕಂಡಿತು. ನನ್ನ ವಿಷಯದಲ್ಲಿ ಹಾಗೆ ಹೇಳುವಂತಿರಲಿಲ್ಲ.

"ನೀವು ವಾಪಸ್ ಬರ್ತೀರಿ ಅಂತ ಎಂತ ಗ್ಯಾರಂಟಿ?" ಎಂದು ಕೇಳಿದರು.

ದುಡ್ಡು ಕೊಟ್ಟವನು ನಾನು, ಬೆಕ್ಕನ್ನು ಬಿಟ್ಟುಹೋಗುವವನು ನಾನು. ಗ್ಯಾರಂಟಿಯ ಪ್ರಶ್ನೆಯನ್ನು ನಾನೇ ಮನೆಯಿಂದ ಸಿದ್ಧ ಮಾಡಿಕೊಂಡು ಬಂದಿದ್ದೆ. ಠಾಣೆಯ ಕೋಪರಿಯಿಂದ ಡೊಂಬಿವ್ಲಿಯವರೆಗೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು, ಅದನ್ನು ಯಾವ ದನಿಯಲ್ಲಿ ಕೇಳಬೇಕೆಂದು ಅಭ್ಯಾಸವನ್ನೂ ಮಾಡಿದ್ದೆ. ಅವರು ನನಗಿಂತ ಮೊದಲೇ ಕೇಳಿಬಿಟ್ಟರು. ನಾನು ಜೇಬಿನಿಂದ ಆಫೀಸಿನ ಗುರುತಿನ ಚೀಟಿ ತೆಗೆದು ತೋರಿಸಿದೆ. ಅದನ್ನೂ ಬೆಳಕಿಗೆ ಹಿಡಿದು ನೋಡಿದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ, ಹೆಸರು ಹಾಕಿದ್ದಕ್ಕೆ ಎಷ್ಟು ಎಂದು ಕೇಳುವ ಮನುಷ್ಯ. ಉಡುಪಿ ಕಡೆಯಿಂದ ಚಿಕ್ಕಂದಿನಲ್ಲಿ ಬಂದು, ಠಾಣೆಯ ಒಂದು ಶಾಕಾಹಾರಿ ಹೋಟೆಲಿನಲ್ಲಿ ಟೇಬಲ್ ಒರೆಸಲು ಸೇರಿ, ಗಲ್ಲಾದವರೆಗೆ ಏರಿ, ಆಯುಷ್ಯದ ಬಹುಭಾಗವನ್ನು ಆ ಗಲ್ಲಾದ ಹಿಂದೆಯೇ ಕಳೆದವರು. ಇಲ್ಲಿಯ ಮರಾಠಿ ಗಿರಾಕಿಗಳಿಗೆ ದಕ್ಷಿಣದವರೆಲ್ಲ "ಅಣ್ಣಾ". ಹೋಟೆಲು ಮುಚ್ಚಿತು, ಅಲ್ಲಿ ಚಪ್ಪಲಿಯ ಶೋರೂಮ್ ಬಂತು, ಹೆಸರು ಮಾತ್ರ ಅವರಿಗೆ ಅಂಟಿಕೊಂಡೇ ಉಳಿಯಿತು. ಡೊಂಬಿವ್ಲಿಯ ಆ ಹಳೆಯ ಕಟ್ಟಡದಲ್ಲಿ ನಾಯಿ ಬೆಕ್ಕು ನೋಡಿಕೊಳ್ಳುವ ಅಣ್ಣ ಎಲ್ಲಿ ಎಂದು ಕೇಳಿದರೆ ಲಿಫ್ಟಿಲ್ಲದ ಮೆಟ್ಟಿಲು ತೋರಿಸುತ್ತಿದ್ದರು.

ಅವರವರೆಗೆ ನಾವು ಹೋಗಿ ಮುಟ್ಟಿದ್ದು ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ. ನನ್ನ ಹೆಂಡತಿ ಎಷ್ಟೋ ವರ್ಷಗಳಿಂದ ಊರಿಗೆ ಹೋಗಿರಲಿಲ್ಲ. ಹಿಂದೊಮ್ಮೆ ಮೊದಲಿನ ಬೆಕ್ಕನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗಿದ್ದೆವು. ವಾಪಸ್ ಬರುವಷ್ಟರಲ್ಲಿ ಅದು ಕಿಟಕಿಯಿಂದ ಹೋಗಿಯಾಗಿತ್ತು, ಮತ್ತೆ ಸಿಗಲಿಲ್ಲ. ಪಕ್ಕದ ಮನೆಯವರು ಬಹಳ ಸಮಾಧಾನದಿಂದ, "ಬೆಕ್ಕಲ್ವಾ, ಬರ್ತದೆ" ಎಂದಿದ್ದರು. ಅವಳು ತಿಂಗಳುಗಟ್ಟಲೆ ಸಂಜೆ ಹೊತ್ತು ಕೋಪರಿಯ ಗಲ್ಲಿಗಳಲ್ಲಿ ಕರೆಯುತ್ತಾ ತಿರುಗಿದ್ದಳು. ಅನಂತರ ಬಂದದ್ದು ಈ ಚಿಂಗಿ. ಚಿಂಗಿ ಬಂದ ಮೇಲೆ ಅವಳು ಠಾಣೆ ಬಿಟ್ಟು ಕದಲಿದ್ದಿಲ್ಲ. ಈಗ ಅವಳ ಅಕ್ಕನ ಮಗಳ ಮದುವೆ. ಹೋಗದಿದ್ದರೆ ಅಕ್ಕ ಮಾತು ಬಿಡುತ್ತಾಳೆ, ಹೋದರೆ ಬೆಕ್ಕು.

ಘೋಡ್‌ಬಂದರ್ ರೋಡಿನಲ್ಲಿ ಒಂದು ಕಡೆ ಏಸಿ ಕೋಣೆಯಿತ್ತು, ಕ್ಯಾಮೆರಾ ಇತ್ತು, ಬೆಕ್ಕಿನ ಸ್ವಭಾವದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಹುಡುಗಿಯೂ ಇದ್ದಳು. ಅವರು ಹೇಳಿದ ದರದಲ್ಲಿ ನಾವಿಬ್ಬರೇ ಅಲ್ಲಿ ಉಳಿದು ಬೆಕ್ಕನ್ನು ಮದುವೆಗೆ ಕಳಿಸಬಹುದಿತ್ತು. ವಾಗ್ಳೆ ಎಸ್ಟೇಟಿನ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವ ಸಹೋದ್ಯೋಗಿ ಇನ್ನೂ ಅಗ್ಗದ್ದನ್ನು ಫೋನಿನಲ್ಲಿ ಹುಡುಕಿದ್ದ. ಸವಿಯಾಗಿ ಮಾತಾಡುವ ಹೆಂಗಸು, ಪೂರ್ತಿ ಹಣ ಮುಂಗಡ, ಉಲ್ಹಾಸನಗರದ ವಿಳಾಸ. ಅವನು ಹಣ ಕಳಿಸಿ, ನಾಯಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದರೆ ಆ ವಿಳಾಸದಲ್ಲಿ ಮೊಬೈಲ್ ಕವರಿನ ಅಂಗಡಿ. ಅಂಗಡಿಯವನು, "ಸಾಹೇಬ್, ನಾಯಿ ಹಿಡ್ಕೊಂಡು ಬಂದದ್ದು ನೀವೊಬ್ಬರೇ ಅಲ್ಲ" ಎಂದು ಸಮಾಧಾನ ಮಾಡಿ ಅವನಿಗೊಂದು ಕವರ್ ಮಾರಿದನಂತೆ. ಆಮೇಲೆ ಯಾರಿಗೂ ಮುಂಗಡ ಕೊಡಬಾರದು ಎಂದು ನಾನು ತೀರ್ಮಾನಿಸಿದ್ದೆ. ಹಾಗೆ ತೀರ್ಮಾನಿಸಿಕೊಂಡವನು ಈಗ ಪೂರ್ತಿ ಮುಂಗಡ ಎಣಿಸಿ ಕೊಟ್ಟು, ಗುರುತಿನ ಚೀಟಿ ಹಿಡಿದು ಅವರ ಮುಂದೆ ಕೂತಿದ್ದೆ.

"ಅರ್ಧ ಈಗ, ಅರ್ಧ ಬಂದ ಮೇಲೆ ಅಂತ ಮಾಡಿದ್ರೆ ಹೇಗೆ?" ಎಂದು ಮೊದಲಿಗೆ ಕೇಳಿ ನೋಡಿದ್ದೆ.

"ಅರ್ಧ ಮಸಾಲೆ ದೋಸೆ ಮಾಡ್ತಾರಾ ಎಲ್ಲಿಯಾದ್ರೂ?" ಎಂದರು. "ಮೊದಲು ಕೂಪನ್, ಆಮೇಲೆ ಊಟ. ನಮ್ಮ ಹೋಟೆಲಲ್ಲಿ ಹಾಗೆಯೇ. ಕೂಪನ್ ವಾಪಸ್ ಇಲ್ಲ."

ಮೊಬೈಲಿನಿಂದ ಹಣ ಕಳಿಸುತ್ತೇನೆಂದರೆ ಅದೂ ಆಗದು. ಬೆಳಕಿಗೆ ಹಿಡಿದು ನೋಡಲು ಬರದ ದುಡ್ಡು ಅವರ ಲೆಕ್ಕದಲ್ಲಿ ದುಡ್ಡಲ್ಲ.

ಇದು ದುರಾಸೆ ಎಂದೇ ನಾನು ತಿಳಿದಿದ್ದೆ. ಕುರ್ಚಿಯ ಕೆಳಗೆ ಮಲಗಿದ್ದ ಮುದಿ ನಾಯಿಯನ್ನು ನನ್ನ ಹೆಂಡತಿ, "ಇದು ಯಾರದ್ದು?" ಎಂದು ಕೇಳಿದ ಮೇಲೆ ಬೇರೆ ವಿಷಯ ಹೊರಬಿತ್ತು. ಅದು ಮೋತಿ. ಅವರ ಮೊದಲ ಗಿರಾಕಿ. ಅದರ ಮನೆಯವರು ವಾರದ ಮಟ್ಟಿಗೆ ಬಿಟ್ಟು, ದುಡ್ಡು ಬಂದ ಮೇಲೆ ಕೊಡುತ್ತೇವೆಂದು ಹೋಗಿದ್ದರು. ನವಿ ಮುಂಬಯಿಯಲ್ಲಿ ಹೊಸ ಫ್ಲಾಟಿಗೆ ಹೋದರಂತೆ. ಅಲ್ಲಿಂದ ಮುಂದೆ ಫೋನು ಎತ್ತಲಿಲ್ಲ.

"ಬಾಕಿ ಇಟ್ಟ ಗಿರಾಕಿ ಆ ಬೀದಿಯಲ್ಲೇ ಓಡಾಡೋದಿಲ್ಲ ಮಾರಾಯ್ರೆ. ಎದುರಿನ ಫುಟ್‌ಪಾತಿಗೆ ಹೋಗ್ತಾನೆ. ಗಲ್ಲಾದಲ್ಲಿ ಕೂತು ನಾನು ಅದನ್ನೇ ನೋಡಿದ್ದು. ದುಡ್ಡು ಮೊದಲೇ ತಗೊಂಡ್ರೆ ಆ ನಾಚಿಕೆ ಇಲ್ಲ ನೋಡಿ. ಬರ್ತಾರೆ, ನಾಯಿ ತಗೊಂಡು ಹೋಗ್ತಾರೆ."

ಹೀಗೆ ಮುಂಗಡವನ್ನು ಅವರು ನಮ್ಮನ್ನು ವಾಪಸ್ ಕರೆಸುವ ಉಪಾಯವಾಗಿ ಇಟ್ಟುಕೊಂಡಿದ್ದರು. ಮೋತಿ ಮಾತ್ರ ಬಾಗಿಲ ಸದ್ದಾದಾಗಲೆಲ್ಲ ಈಗಲೂ ತಲೆ ಎತ್ತುತ್ತಿತ್ತು.

ವ್ಯವಹಾರದಲ್ಲಿ ಅವರಿಗೆ ಇನ್ನೊಂದು ನಿಯಮವಿತ್ತು. ಅವರ ಮನೆಮಾತೂ ತುಳು, ನಮ್ಮದೂ ತುಳು. ನನ್ನ ಹೆಂಡತಿ ಹೋದೊಡನೆ ತುಳುವಿನಲ್ಲೇ ಶುರು ಮಾಡಿದಳು. ಅವರು ಕೈ ಅಡ್ಡ ಹಿಡಿದು ಕನ್ನಡದಲ್ಲಿ ಉತ್ತರಿಸಿದರು. ತುಳುವಿನಲ್ಲಿ ಮಾತಾಡಿದರೆ ಯಾವ ಊರು, ಯಾವ ಮನೆ ಎಂದು ಬೆಳೆದು, ಕೊನೆಗೆ ರಿಯಾಯಿತಿಯಲ್ಲಿ ಮುಗಿಯುತ್ತದೆಂಬುದು ಅವರ ಅನುಭವ. ಗಿರಾಕಿಗೆ ಕನ್ನಡ, ಸೊಸೆಗೆ ಹಿಂದಿ, ಸೊಸೈಟಿಯ ಸೆಕ್ರೆಟರಿಗೆ ಮರಾಠಿ. ತುಳುವನ್ನು ಯಾರಿಗಾಗಿ ಉಳಿಸಿಕೊಂಡಿದ್ದಾರೋ ಆಗ ಗೊತ್ತಾಗಲಿಲ್ಲ.

ಹೊರಡುವ ಮೊದಲು ನನ್ನ ಹೆಂಡತಿ ಮುಖ್ಯ ವಿಷಯ ಎತ್ತಿದಳು. "ಚಿಂಗಿಗೆ ದಿನಾ ಮೀನು ಬೇಕು."

ಅಣ್ಣ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ನಮ್ಮ ಮನೆಯಲ್ಲಿ ಮೀನು ಹೊಸ್ತಿಲು ದಾಟೋದಿಲ್ಲ. ಹಾಲು ಅನ್ನ, ಮೊಸರು ಅನ್ನ. ಒಳಗೆ ಬಂದ ಮೇಲೆ ನಮ್ಮ ಮೆನು."

"ಅದು ತಿನ್ನೋದಿಲ್ಲ."

"ಹಸಿವಾದ್ರೆ ತಿಂತದೆ. ನಮ್ಮಲ್ಲಿ ಬಂದ ಎಷ್ಟೋ ಜನ ಮೊದಲು ಹಾಗೇ ಹೇಳಿದ್ದು."

ಅಲ್ಲಿಂದ ಎದ್ದು ಬರಬೇಕಿತ್ತು. ಆದರೆ ಟಿಕೆಟ್ ಆಗಿತ್ತು, ಕೂಪನ್ ವಾಪಸ್ ಇರಲಿಲ್ಲ, ಮತ್ತು ಚಿಂಗಿ ಆಗಲೇ ಬುಟ್ಟಿಯಿಂದ ಹೊರಬಂದು ಅವರ ಬೆತ್ತದ ಕುರ್ಚಿಯ ಮೇಲೆ ಕೂತು ಕೋಣೆಯನ್ನು ಪರೀಕ್ಷಿಸುತ್ತಿತ್ತು. ದಿನಾ ಸಂಜೆ ಅದರ ಒಂದು ಫೋಟೋ ಕಳಿಸಬೇಕು ಎಂಬ ಒಂದೇ ಷರತ್ತು ಹಾಕಿ ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲಿಳಿದಳು.

ಫೋಟೋ ಬರತೊಡಗಿತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಒಂದು. ಚಿಂಗಿ ಕುರ್ಚಿಯ ಮೇಲೆ ಕೂತದ್ದು, ಚಿಂಗಿ ಎಡಕ್ಕೆ ನೋಡಿದ್ದು, ಚಿಂಗಿ ಬಲಕ್ಕೆ ನೋಡಿದ್ದು. ಕೆಳಗೆ "ಗುಡ್ ಈವನಿಂಗ್, ಆರಾಮ". ನನ್ನ ಹೆಂಡತಿ ಅದನ್ನು ಮದುವೆ ಮನೆಯಲ್ಲಿ ಬಂದವರಿಗೆಲ್ಲ ತೋರಿಸಿದಳು. ಮದುಮಗಳಿಗಿಂತ ಚಿಂಗಿಯ ಫೋಟೋ ನೋಡಿದವರೇ ಹೆಚ್ಚು.

ಮದುವೆಯ ದಿನ ಸಂಜೆ ಅವಳು ನನ್ನನ್ನು ಚಪ್ಪರದ ಮೂಲೆಗೆ ಕರೆದಳು. ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

"ಕುರ್ಚಿಯ ಹಿಂದಿನ ಗೋಡೆ ನೋಡಿ."

ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಅಣ್ಣ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಆ ಹಾಳೆ ಹರಿಯುವುದು. ಅದನ್ನು ನಮಗೆ ಅವರೇ ಹೆಮ್ಮೆಯಿಂದ ಹೇಳಿದ್ದರು. ಫೋಟೋದಲ್ಲಿದ್ದ ಹಾಳೆಯಲ್ಲಿ ಸಂಕಷ್ಟಿಯ ಗಣಪತಿ ಕೆಂಪು ಬಣ್ಣದಲ್ಲಿ ಕೂತಿದ್ದ.

"ನಿನ್ನೆಯದ್ದರಲ್ಲೂ ಸಂಕಷ್ಟಿ, ಮೊನ್ನೆಯದ್ದರಲ್ಲೂ ಸಂಕಷ್ಟಿ. ದಿನಾ ಸಂಕಷ್ಟಿ ಬರ್ತದಾ ರೀ?"

ನಾವು ಬೆಕ್ಕು ಬಿಟ್ಟುಬಂದದ್ದು ಸಂಕಷ್ಟಿಯ ದಿನ. ಅಲ್ಲಿಂದೀಚೆಗೆ ಚಿಂಗಿಯ ಲೋಕದಲ್ಲಿ ದಿನ ಮುಂದೆ ಹೋಗಿರಲಿಲ್ಲ. ವಿಡಿಯೋ ಕಾಲ್ ಮಾಡಿದೆವು, ಕತ್ತರಿಸಿದರು. ಮತ್ತೆ ಮಾಡಿದೆವು. "ನೆಟ್‌ವರ್ಕ್ ಇಲ್ಲ" ಎಂದು ಬರಹದಲ್ಲಿ ಉತ್ತರ ಬಂತು. ನೆಟ್‌ವರ್ಕ್ ಇಲ್ಲ ಎನ್ನುವುದನ್ನು ನೆಟ್‌ವರ್ಕಿನ ಮೂಲಕವೇ ತಿಳಿಸಿದ್ದರು. ನನ್ನ ಹೆಂಡತಿ, "ಇದೂ ಹೋಯ್ತು" ಎಂದು ಮಾತ್ರ ಹೇಳಿ ಸೀರೆ ಮಡಚತೊಡಗಿದಳು. ಬೀಗರ ಊಟಕ್ಕೆ ನಿಲ್ಲಲಿಲ್ಲ. ಅಕ್ಕ ಮುಖ ತಿರುಗಿಸಿಕೊಂಡದ್ದನ್ನೂ ನೋಡಲಿಲ್ಲ. ಸಿಕ್ಕಿದ ರೈಲು ಹತ್ತಿದೆವು. ದಾರಿಯುದ್ದಕ್ಕೂ ನಾನು ಪೊಲೀಸರಿಗೆ ಕೊಡುವ ದೂರಿನ ಮೊದಲ ವಾಕ್ಯವನ್ನು ರಚಿಸುತ್ತಿದ್ದೆ. "ನಮ್ಮ ಬೆಕ್ಕು" ಎಂಬಲ್ಲಿಗೆ ಬಂದಾಗ ಅವರು ನಗುವುದು ಕಣ್ಣಿಗೆ ಕಟ್ಟಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ಬೆಳಿಗ್ಗೆ ಠಾಣೆಯಲ್ಲಿಳಿದು, ಮನೆಗೂ ಹೋಗದೆ, ಸೂಟ್‌ಕೇಸ್ ಸಮೇತ ಡೊಂಬಿವ್ಲಿಗೆ ಹೋದೆವು. ಸೊಸೆ ಬಾಗಿಲು ತೆರೆದಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ.

"ಬೆಕ್ಕೆಲ್ಲಿ?" ಎಂದಳು ನನ್ನ ಹೆಂಡತಿ.

"ಪಪ್ಪಾ ನೀಚೆ ಲೇಕೆ ಗಯೇ," ಎಂದಳು ಸೊಸೆ, ಪಪ್ಪಾ ಕೆಳಗೆ ಕರೆದುಕೊಂಡು ಹೋಗಿದ್ದಾರೆ ಎಂದು. ಆಮೇಲೆ ಯಾಕೋ ನಗು ತಡೆದುಕೊಂಡು ಒಳಗೆ ಹೋದಳು.

ಕೆಳಗೆ ಕಟ್ಟಡದ ಹಿಂದೆ, ಬೈಕುಗಳು ನಿಲ್ಲುವ ಕಡೆ, ಮೀನು ಮಾರುವ ಬೆಸ್ತರ ಹೆಂಗಸು ಬುಟ್ಟಿ ಇಳಿಸಿ ಕೂತಿದ್ದಳು. ಎದುರಿಗೆ ಮಗುಚಿ ಹಾಕಿದ ಹಾಲಿನ ಕ್ರೇಟಿನ ಮೇಲೆ ಅಣ್ಣ. ಮೂಗಿಗೆ ಬಿಳಿ ಕರವಸ್ತ್ರ ಕಟ್ಟಿಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ಕಾಲ ಬಳಿ ಕಾಗದದ ಮೇಲೆ ಬೊಂಬಿಲ್ ಮೀನು, ಮೀನಿನ ಮೇಲೆ ಚಿಂಗಿ. ಚಿಂಗಿಯ ಸೊಂಟಕ್ಕೆ ಕಟ್ಟಿದ ಜನಿವಾರದಷ್ಟು ತೆಳ್ಳಗಿನ ದಾರದ ಇನ್ನೊಂದು ತುದಿಯನ್ನು ಅಣ್ಣ ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು.

"ತಿನ್ಲ ಮಗಾ, ತಿನ್ಲ," ಎಂದು ಗೋಡೆಗೆ ಹೇಳುತ್ತಿದ್ದರು.

ತುಳು ಯಾರಿಗಾಗಿ ಇತ್ತೆಂಬುದು ಆಗ ತಿಳಿಯಿತು. ನನ್ನ ಹೆಂಡತಿ ಸೂಟ್‌ಕೇಸಿನ ಮೇಲೆಯೇ ಕೂತು ಅತ್ತಳು. ಅಣ್ಣ ತಿರುಗಿ ನೋಡಿ, ಗಡಿಬಿಡಿಯಲ್ಲಿ ಕರವಸ್ತ್ರ ಬಿಚ್ಚಿ, ವಾಸನೆ ಬಡಿದು ಮತ್ತೆ ಕಟ್ಟಿಕೊಂಡರು.

"ಬೀಗರ ಊಟ ಬಿಟ್ಟು ಬಂದ್ರಾ?" ಅವರ ದನಿಯಲ್ಲಿ ನಿಜವಾದ ಆಕ್ಷೇಪವಿತ್ತು.

ಫೋಟೋದ ವಿಷಯ ಕೇಳಿದೆ. ಅವರಿಗೆ ಅದರಲ್ಲಿ ತಪ್ಪೇನೆಂದೇ ತಿಳಿಯಲಿಲ್ಲ. ಮೊದಲ ದಿನ ಬೆಕ್ಕು ಚಂದ ಕೂತಿತ್ತು, ಬೆಳಕೂ ಚೆನ್ನಾಗಿತ್ತು, ಎಲ್ಲ ದಿನದ್ದನ್ನೂ ಅಂದೇ ತೆಗೆದಿಟ್ಟಿದ್ದರು.

"ಗಿರಾಕಿ ಬಂದ ಹಾಗೆ ಬಂದ ಹಾಗೆ ಚಟ್ನಿ ರುಬ್ತಾರಾ? ಬೆಳಿಗ್ಗೆ ಒಂದು ಸಲ ರುಬ್ಬಿಟ್ಟುಕೊಂಡ್ರೆ ಆಯ್ತು. ಮತ್ತೆ ದಿನಾ ಬಡಿಸೋದು."

"ವಿಡಿಯೋ ಕಾಲ್ ಯಾಕೆ ಕಟ್ ಮಾಡಿದ್ರಿ?"

"ನಿಮ್ಮ ಬೆಕ್ಕು ಎರಡನೇ ದಿನದಿಂದ ಮಂಚದ ಅಡಿಯಿಂದ ಹೊರಗೆ ಬರ್ಲಿಲ್ಲ. ಹಾಲು ಅನ್ನ ಮೂಸಿ ಸಹ ನೋಡ್ಲಿಲ್ಲ. ಅದನ್ನು ನಿಮಗೆ ತೋರಿಸ್ಬೇಕಾ? ಗಿರಾಕಿಯನ್ನು ಅಡುಗೆಮನೆಗೆ ಬಿಡಬಾರದು. ಮದುವೆ ಮನೆಯಲ್ಲಿ ನಿಮಗೆ ಊಟ ಸೇರ್ತಿತ್ತಾ?" ಎಂದವರು ದನಿ ತಗ್ಗಿಸಿದರು. "ಅದು ಉಪವಾಸ ಬಿದ್ದದ್ದು ನೋಡಿ ನನಗೂ ಊಟ ಸೇರ್ಲಿಲ್ಲ. ಮೀನಿನ ವಿಷಯ ಮೇಲೆ ಹೇಳ್ಬೇಡಿ."

ಮೇಲೆ ಎಲ್ಲರಿಗೂ ಗೊತ್ತಿತ್ತು. ಮೀನು ತಿಂದು ಬಂದ ಬೆಕ್ಕು ಅವರ ದಿಂಬಿನ ಮೇಲೆ ಮುಖ ಒರೆಸುವುದನ್ನು ಸೊಸೆ ದಿನಾ ನೋಡುತ್ತಿದ್ದಳು. ಮಾವ ಬಚ್ಚಿಡುವ ಸುಖವನ್ನು ಕೆಡಿಸಬಾರದೆಂದು ಸುಮ್ಮನಿದ್ದಳು.

ನನ್ನ ಹೆಂಡತಿ ಕಣ್ಣೊರೆಸಿಕೊಂಡು, "ಕ್ಯಾಲೆಂಡರಿನಲ್ಲಿ ಸಿಕ್ಕಿಬಿದ್ರಿ ನೀವು," ಎಂದು ಸಂಕಷ್ಟಿಯ ಕತೆ ಹೇಳಿದಳು. ಅಣ್ಣ ಫೋನು ತೆಗೆದು ಒಂದೊಂದೇ ಫೋಟೋ ನೋಡಿದರು. ನೋಟು ನೋಡಿದಂತೆಯೇ ನೋಡಿದರು.

"ಹೌದಲ್ಲ. ಕ್ಯಾಲೆಂಡರ್ ತೆಗೀಬೇಕಿತ್ತು," ಎಂದರು.

ಅದಾದ ಮೇಲೆ ನಾವು ವರ್ಷಕ್ಕೆರಡು ಸಲ ಊರಿಗೆ ಹೋದೆವು. ಅಕ್ಕನ ಸಿಟ್ಟೂ ಇಳಿಯಿತು. ಪ್ರತಿ ಸಲ ಪೂರ್ತಿ ಮುಂಗಡ, ಪ್ರತಿ ಸಲ ನೋಟು ಬೆಳಕಿಗೆ. ನನ್ನ ಮೇಲೆ ನಂಬಿಕೆ ಬಂದಿತ್ತೋ ಇಲ್ಲವೋ ಅವರು ಹೇಳಲಿಲ್ಲ, ಆದರೆ ಗುರುತಿನ ಚೀಟಿ ಕೇಳುವುದನ್ನು ಬಿಟ್ಟರು.

ಈ ವರ್ಷ ಗಣಪತಿ ಹಬ್ಬಕ್ಕೆ ಊರಿಗೆ ಹೋಗಲೆಂದು ಬಹಳ ಮೊದಲೇ ದುಡ್ಡು ಕೊಟ್ಟಿದ್ದೆವು. ಒಂದು ದಿನ ಅಣ್ಣನೇ ಫೋನು ಮಾಡಿ, ಸೊಂಟ ನೋವು, ಸ್ವಲ್ಪ ದಿನ ವಿಶ್ರಾಂತಿ, ಎಲ್ಲರ ಮುಂಗಡವನ್ನೂ ವಾಪಸ್ ಕೊಡುತ್ತಿದ್ದೇನೆ, ಬಂದು ತೆಗೆದುಕೊಂಡು ಹೋಗಿ ಎಂದರು. ಸೊಂಟ ನೋವೆಂದದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. "ಮುಂಗಡ ವಾಪಸ್ಸಾ?" ಎಂದು ಮಾತ್ರ ಜೋರಾಗಿ ಕೇಳಿಬಿಟ್ಟೆ. ನನ್ನ ಹೆಂಡತಿ ಫೋನು ಕಿತ್ತುಕೊಂಡಳು.

"ಕೂಪನ್ ವಾಪಸ್ ಇಲ್ಲ ಅಂತ ನೀವೇ ಹೇಳಿದ್ದಲ್ವಾ? ನಮಗೆ ಬೇಡ. ಹುಷಾರಾಗಿ, ಚಿಂಗಿಯನ್ನು ನೀವೇ ನೋಡ್ಕೊಳ್ಬೇಕು. ಅಲ್ಲಿಯವರೆಗೆ ದಿನಾ ಸಂಜೆ ನಿಮ್ಮ ಒಂದು ಫೋಟೋ ಕಳಿಸಿ. ಹೇಗಿದ್ದೀರಿ ಅಂತ ನಮಗೆ ಗೊತ್ತಾಗ್ಲಿ."

ಅವರು ಆ ಕಡೆಯಿಂದ ನಕ್ಕರು. ನೋಡಲು ಬರುತ್ತೇವೆಂದರೆ ಬೇಡ, ರಶ್ಶಿನಲ್ಲಿ ಯಾಕೆ, ಮುಂದಿನ ವಾರ ನಾನೇ ಬರ್ತೇನೆ ಎಂದರು.

ಫೋಟೋ ಬರತೊಡಗಿತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಒಂದು. ಅಣ್ಣ ಬೆತ್ತದ ಕುರ್ಚಿಯಲ್ಲಿ, ಬಿಳಿ ಅಂಗಿ, ಕೈಯಲ್ಲಿ ಚಹಾ. ಮರುದಿನ ನೀಲಿ ಅಂಗಿ, ಎಡಕ್ಕೆ ನೋಟ. ಅದರ ಮರುದಿನ ಚೌಕಳಿ ಅಂಗಿ, ತೊಡೆಯ ಮೇಲೆ ಮೋತಿಯ ತಲೆ. ಕೆಳಗೆ "ಗುಡ್ ಈವನಿಂಗ್, ಆರಾಮ". ನಾನು ನಿಶ್ಚಿಂತನಾದೆ. ದಿನಾ ಅಂಗಿ ಬದಲಿಸುವಷ್ಟು ಚೈತನ್ಯವಿರುವ ಮನುಷ್ಯನಿಗೆ ಏನಾಗುತ್ತದೆ?

ನನ್ನ ಹೆಂಡತಿ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡುತ್ತಾ ಕೂತಿದ್ದಳು. ಅಂಗಿಯನ್ನಲ್ಲ, ಹಿಂದಿನ ಗೋಡೆಯನ್ನು. ಅಲ್ಲಿ ಕ್ಯಾಲೆಂಡರ್ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಬಿಳುಪಾದ ಒಂದು ಚೌಕ, ಅದರ ಮೇಲೆ ಬರಿಯ ಮೊಳೆ.

"ಚಪ್ಪಲಿ ಹಾಕ್ಕೊಳ್ಳಿ," ಎಂದಳು.

ಡೊಂಬಿವ್ಲಿಗೆ ಹೋದಾಗ ಸೊಸೆ ನಿಜ ಹೇಳಿದಳು. ಅವರು ಕಲ್ಯಾಣದ ಒಂದು ಆಸ್ಪತ್ರೆಯಲ್ಲಿದ್ದರು. ನಮಗೆ ಫೋನು ಮಾಡಿದ ಮರುದಿನವೇ ಸೇರಿಸಿದ್ದರಂತೆ. ಸೊಂಟದಲ್ಲಿ ಶುರುವಾಗಿದ್ದ ನೋವು ಬೇರೆಯದೇ ಕಾಯಿಲೆಯ ನೋವಾಗಿತ್ತು, ಹಬ್ಬಿಯಾಗಿತ್ತು. ಹೊರಡುವ ಮೊದಲು ಕಪಾಟಿನ ಅಂಗಿಗಳನ್ನೆಲ್ಲ ಒಂದೊಂದಾಗಿ ತೊಟ್ಟು, ಸೊಸೆಯ ಕೈಯಿಂದ ಫೋಟೋ ತೆಗೆಸಿಕೊಂಡು ಹೋಗಿದ್ದರು. ಮಂಚದ ಮೇಲಿದ್ದ ಮನುಷ್ಯ ಆ ಅಂಗಿಗಳಲ್ಲಿ ಯಾವುದನ್ನೂ ತುಂಬುವಂತಿರಲಿಲ್ಲ; ಫೋಟೋದಲ್ಲಿ ನಾನು ಅಂಗಿಯನ್ನಷ್ಟೇ ನೋಡಿದ್ದೆ. ನಮ್ಮನ್ನು ನೋಡಿ ಸಿಕ್ಕಿಬಿದ್ದವರಂತೆ ನಕ್ಕರು.

"ಕ್ಯಾಲೆಂಡರ್ ತೆಗೆದಿದ್ದೆನಲ್ಲ!"

"ಅದಕ್ಕೇ ಗೊತ್ತಾದ್ದು," ಎಂದಳು ನನ್ನ ಹೆಂಡತಿ. "ಹೇಳ್ಬಾರದಿತ್ತಾ ಅಣ್ಣಾ?"

"ಗಲ್ಲಾದಲ್ಲಿ ಕೂತವನಿಗೆ ಕಾಯಿಲೆ ಅಂತ ಗೊತ್ತಾದ್ರೆ ಗಿರಾಕಿಗೆ ಊಟದ ಮೇಲೆ ಸಂಶಯ ಬರ್ತದೆ," ಎಂದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಏನೋ ನೆನಪಾಗಿ ಗಾಬರಿಯಿಂದ ಕಣ್ಣು ಬಿಟ್ಟರು. "ಪುಚ್ಚೆನ್ ಏರೆಡ ಬುಡ್ದ್ ಬತ್ತರ್?"

ಬೆಕ್ಕನ್ನು ಯಾರ ಹತ್ತಿರ ಬಿಟ್ಟು ಬಂದಿರಿ ಎಂದು. ನಮ್ಮ ಜೊತೆ ಅವರು ತುಳು ಆಡಿದ್ದು ಅದೇ ಮೊದಲು. ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡು, ಬೀಗ ಹಾಕಿ ಬಂದಿದ್ದೇವೆ, ಈಗ ಹೋಗುತ್ತೇವೆ, ಮೀನು ಹಾಕುತ್ತೇವೆ ಎಂದು ತುಳುವಿನಲ್ಲೇ ಹೇಳಿದಳು.

ಆ ವಾರ ಕಳೆಯುವ ಮೊದಲೇ ಅವರು ಹೋದರು.

ಸೂತಕ ಕಳೆದು ಶುದ್ಧವಾದ ಮೇಲೆ ಅವರ ಮನೆಗೆ ಹೋಗಿ ಬಂದೆವು. ಬಾಗಿಲ ಸದ್ದಿಗೆ ಮೋತಿ ತಲೆ ಎತ್ತಿ, ನಮ್ಮನ್ನು ನೋಡಿ, ಮತ್ತೆ ಕುರ್ಚಿಯ ಕೆಳಗೆ ಮಲಗಿತು. ಸೊಸೆ ನಮ್ಮ ಮುಂಗಡದ ಲಕೋಟೆ ತಂದು ಮುಂದಿಟ್ಟಳು. ನನ್ನ ಹೆಂಡತಿ ಅದನ್ನು ಮುಟ್ಟಲಿಲ್ಲ. ಮೋತಿಯ ಊಟಕ್ಕೆ ಇಟ್ಟುಕೊ ಎಂದಳು. ಆಮೇಲೆ ಸೊಸೆ ಅಣ್ಣನ ಫೋನು ತಂದಳು. ಅದರಲ್ಲಿ ಕಳಿಸದೆ ಉಳಿದ ಫೋಟೋಗಳಿದ್ದವು. ಹಸಿರು ಅಂಗಿ, ಬಾದಾಮಿ ಬಣ್ಣದ್ದು, ದೀಪಾವಳಿಯ ಜುಬ್ಬಾ. ಎಷ್ಟು ದಿನ ಬೇಕಾದೀತೆಂದು ಅವರು ಲೆಕ್ಕ ಹಾಕಿದ್ದರೋ, ಧಾರಾಳವಾಗಿಯೇ ತೆಗೆಸಿಟ್ಟಿದ್ದರು.

"ಆಂಟಿ, ಯೇ ಸಬ್ ಆಪಕೋ ಭೇಜ್ ದೂಂ?" ಎಂದು ಕೇಳಿದಳು. ಎಲ್ಲವನ್ನೂ ಕಳಿಸಿಬಿಡಲೇ ಎಂದು.

"ಒಟ್ಟಿಗೆ ಬೇಡ," ಎಂದಳು ನನ್ನ ಹೆಂಡತಿ. "ದಿನಕ್ಕೊಂದು ಕಳಿಸು. ಸಂಜೆ ಹೊತ್ತಿಗೆ."

ಇವತ್ತಿನದ್ದು ಈಗ ತಾನೇ ಬಂತು. ಹಸಿರು ಅಂಗಿ. ಚಿಂಗಿಗೆ ಮೀನು ಹಾಕುತ್ತಿದ್ದವಳು ಕೈ ತೊಳೆದುಕೊಂಡು ಬಂದು, ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.